ಡೊಂಬಿವಲಿಗೆ ಉಟ್ಟುಹೋದ ಒಂಬತ್ತು ಗಜ

ಮೈಸೂರಿನಿಂದ ಮುಂಬೈ ಪಕ್ಕದ ಠಾಣೆಯ ನಮ್ಮ ಮನೆಗೆ ಯಾರೇ ಬರಲಿ, ಬಟ್ಟೆಯ ವಿಷಯದಲ್ಲಿ ಏನಾದರೊಂದು ಆಗದೆ ವಾಪಸ್ ಹೋದದ್ದನ್ನು ನಾನು ನೋಡಿಲ್ಲ. ನಮ್ಮಮ್ಮ ಬಂದದ್ದು ಎರಡು ಸಾವಿರದ ಹನ್ನೊಂದರಲ್ಲಿ. ಇಲ್ಲಿನ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಡೊಂಬಿವಲಿಯ ಮರಾಠಿ ಹುಡುಗಿಯನ್ನು ನನ್ನ ತಮ್ಮ ಮೆಚ್ಚಿದ್ದ. ಭಾನುವಾರ ಅವರ ಮನೆಗೆ ನಮ್ಮ ಮೊದಲ ಭೇಟಿ. ಹುಡುಗಿಯ ಅಜ್ಜಿ ಕಚ್ಚೆ ಹಾಕಿದ ಒಂಬತ್ತು ಗಜದ ಸೀರೆ ಬಿಟ್ಟು ಬೇರೆ ಉಡುವುದಿಲ್ಲ, ಆ ಮನೆಯಲ್ಲಿ ಅವರು ಹೂಂ ಅಂದರೆ ಮಾತ್ರ ಮದುವೆ ಎಂದು ತಮ್ಮ ಹೇಳಿದ. ಅಂದಿನಿಂದ ಅಮ್ಮನಿಗೆ ನಿದ್ದೆಯಿಲ್ಲ. ತಾನೂ ಅದನ್ನೇ ಉಟ್ಟು ಹೋಗಿ ಅಜ್ಜಿಯ ಮನಸ್ಸು ಗೆಲ್ಲಬೇಕು ಎಂದು ತೀರ್ಮಾನಿಸಿದರು.

ಗೌನ್

ಮೊದಲ ಬೆಳಿಗ್ಗೆಯೇ ಬಾಲ್ಕನಿಯಲ್ಲಿ ನಿಂತ ಅಮ್ಮ ಗಾಬರಿಯಾದರು. ಕೆಳಗೆ ಗೇಟಿನ ಹತ್ತಿರ ನೈಟಿ ತೊಟ್ಟು ಮೇಲೊಂದು ದುಪಟ್ಟಾ ಹೊದ್ದ ಹೆಂಗಸರ ಗುಂಪು. ಯಾರಿಗೋ ಹುಷಾರಿಲ್ಲ, ಪಾಪ ಎಲ್ಲರೂ ಹಾಸಿಗೆಯಿಂದ ಎದ್ದ ಹಾಗೇ ಓಡಿಬಂದಿದ್ದಾರೆ ಎಂದರು. ಸೊಪ್ಪು ಕೊಳ್ಳುತ್ತಿದ್ದಾರೆ, ಇಲ್ಲಿ ಅದಕ್ಕೆ ಗೌನ್ ಅನ್ನುತ್ತಾರೆ, ದುಪಟ್ಟಾ ಹೊದ್ದರೆ ಬ್ಯಾಂಕಿಗೂ ನಡೆಯುತ್ತದೆ ಎಂದೆ. ನಾಚಿಕೆಗೇಡು ಎಂದು ಒಳಗೆ ಹೋದರು.

ಬುಧವಾರ ಅಮ್ಮ ಮಾಜಿವಾಡಾದ ಅಂಗಡಿಯಲ್ಲಿ ಗೌನೊಂದನ್ನು ಹಿಡಿದು, ಇದರಲ್ಲೇ ಸ್ವಲ್ಪ ಗ್ರ್ಯಾಂಡಾಗಿರುವುದು ಇಲ್ಲವೇ ಎಂದು ಕೇಳುತ್ತಿದ್ದರು.

ಲೇಡೀಸ್ ಡಬ್ಬಾ

ಸೀರೆಗೆಂದು ಲೋಕಲ್ ಟ್ರೇನಿನಲ್ಲಿ ಕಲ್ಯಾಣ್‌ಗೆ ಹೊರಟೆವು. ಲೇಡೀಸ್ ಡಬ್ಬಾ ಅಂದರೆ ಹೆಂಗಸರ ಬೋಗಿಯಲ್ಲಿ ಓಲೆ ಮಾರುವವಳು ಓಲೆ ತೂಗುಹಾಕಿದ ಹ್ಯಾಂಗರನ್ನು ಒಬ್ಬರ ಕೈಗೆ ಕೊಟ್ಟು ಮುಂದೆ ಹೋಗುತ್ತಾಳೆ. ನೋಡಿದವರು ಅದನ್ನು ಪಕ್ಕದವರಿಗೆ ದಾಟಿಸಬೇಕು. ಅಮ್ಮನಿಗೆ ಇದು ಗೊತ್ತಿರಲಿಲ್ಲ, ಹ್ಯಾಂಗರ್ ಹಿಡಿದೇ ಕೂತರು. ಎದುರಿನ ಹುಡುಗಿ ಒಂದು ಜೊತೆ ಮುಟ್ಟಿ ನೋಡಿದಳು. ಅದು ನಿನ್ನ ಮುಖಕ್ಕೆ ಒಪ್ಪುವುದಿಲ್ಲ, ಇದನ್ನು ತಗೋ ಎಂದು ಅಮ್ಮ ಕನ್ನಡದಲ್ಲೇ ಗದರಿದರು. ಅವಳು ತೆಗೆದುಕೊಂಡಳು. ಅವಳ ಪಕ್ಕದವಳೂ ತೆಗೆದುಕೊಂಡಳು.

ದಿವಾ ಸ್ಟೇಷನ್ ಬರುವಷ್ಟರಲ್ಲಿ ಮಾರುವವಳು ವಾಪಸ್ ಬಂದಳು. ಹ್ಯಾಂಗರ್ ನೋಡಿದಳು, ಅಮ್ಮನನ್ನು ನೋಡಿದಳು, ಅವರ ಇನ್ನೊಂದು ಕೈಗೂ ಒಂದು ಹ್ಯಾಂಗರ್ ಕೊಟ್ಟು ಹೋದಳು.

ಕಾಲಿರುವ ಸೀರೆ

ಕಲ್ಯಾಣ್‌ನ ಒಂದು ಬೊಟೀಕ್‌ನಲ್ಲಿ ಸೀರೆಗಳು ರಾಶಿ ಬಿದ್ದವು. ಆದರೆ ಕಚ್ಚೆ ಹಾಕಿ ಉಡುವುದು ನಮ್ಮಿಬ್ಬರಿಗೂ ಬರುವುದಿಲ್ಲ ಎಂಬುದು ಆಗ ನೆನಪಾಯಿತು. ಅಂಗಡಿಯಾಕೆ ನಕ್ಕು, ನಿರಿಗೆ ಕಚ್ಚೆ ಎಲ್ಲ ಸೇರಿಸಿ ಹೊಲಿದೇ ಇಟ್ಟ ರೆಡಿಮೇಡ್ ಸೀರೆ ತೆಗೆದಳು. ಎರಡು ಕಾಲು, ಸೊಂಟಕ್ಕೊಂದು ಲಾಡಿ.

"ಸೀರೆಯೊಳಗೆ ಕಾಲು ತೂರಿಸೋದೇನೇ? ಪೈಜಾಮಾನಾ ಇದು?" ಎಂದು ಅಮ್ಮ ಸಿಟ್ಟಾದರು. ಒತ್ತಾಯಕ್ಕೆ ಟ್ರಯಲ್ ರೂಮಿಗೆ ಹೋದರು. ಹೊರಗೆ ಬಂದು ಕನ್ನಡಿಯೆದುರು ಕೂತರು, ಎದ್ದರು, ಬಗ್ಗಿದರು.

"ಇದು ಮೋಸ ಕಣೇ. ಅಜ್ಜಿಗೆ ಗೊತ್ತಾದರೆ ಮದುವೆ ಮುರೀತು ಅಂತಲೇ ಲೆಕ್ಕ," ಎಂದರು. "ಪ್ಯಾಕ್ ಮಾಡಕ್ಕೆ ಹೇಳು."

ಅಜ್ಜಿಯ ಕೋಣೆ

ಭಾನುವಾರ ಅಜ್ಜಿ ಅಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಎದ್ದು ಬಂದು ಹಿಂದಿನಿಂದಲೂ ನೋಡಿದರು. ವಿಜಯಪುರದ ಕಡೆ ಹುಟ್ಟಿ ಬೆಳೆದವರಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು.

"ನಿರಗಿ ಭಾಳ ಚಂದ ಕುಂತಾವ. ಒಳಗ ಬರ್ರಿ, ಹ್ಯಾಂಗ ಉಟ್ಟೀರಿ ನನಗ ತೋರಸ್ರಿ."

ಅಮ್ಮ ನನ್ನ ಕೈ ಹಿಡಿದೆಳೆದುಕೊಂಡೇ ಒಳಗೆ ಹೋದರು. ತಮ್ಮ ಏನೂ ಅರಿಯದೆ ಪೋಹಾ ತಿನ್ನುತ್ತಿದ್ದ. ಅಜ್ಜಿ ಚಿಲಕ ಹಾಕಿದರು. ಅಮ್ಮ ಕೈಮುಗಿದೇಬಿಟ್ಟರು.

"ಇದು ಹೊಲಿದಿದ್ದು. ನಂಗೆ ಉಡಕ್ಕೆ ಬರಲ್ಲ. ನನ್ನ ತಪ್ಪಿಗೆ ಹುಡುಗನ್ನ ಬೇಡ ಅನ್ನಬೇಡಿ."

ಅಜ್ಜಿ ಬಾಗಿಲು ಭದ್ರವಾಗಿದೆಯೇ ಎಂದು ಇನ್ನೊಮ್ಮೆ ನೋಡಿ ತಮ್ಮ ಸೆರಗು ಸರಿಸಿದರು. ಸೊಂಟದಲ್ಲಿ ಲಾಡಿ.

"ಮೊಣಕಾಲು ನೋವು ಶುರುವಾದಾಗಿಂದ ನಂದೂ ಇದ. ಸೊಸಿಗೆ ಗೊತ್ತಿಲ್ಲ," ಎಂದು ಪಿಸುಗುಟ್ಟಿದರು. "ನೀವು ಎಲ್ಲಿ ತಗೊಂಡ್ರಿ? ನಂದು ಕುಂತರ ಬಿಗೀತದ."

ಹೊರಗೆ ಬಂದ ಅಜ್ಜಿ ಸಂಬಂಧ ತಮಗೆ ಒಪ್ಪಿಗೆ ಎಂದರು. ಇಂಥ ಸೀರೆ ಉಡುವುದಕ್ಕೆ ತಾಳ್ಮೆ ಬೇಕು, ಈಗಿನವರಿಗೆ ಅದೆಲ್ಲಿದೆ ಎಂದು ತಮ್ಮ ಸೊಸೆಯ, ಅಂದರೆ ಹುಡುಗಿಯ ತಾಯಿಯ, ಕಡೆ ನೋಡಿದರು. ಅಮ್ಮ ಗಂಭೀರವಾಗಿ ತಲೆಯಾಡಿಸಿದರು. ಸೊಸೆ ಪಾಪ, ಇನ್ನಾದರೂ ಕಲಿಯುತ್ತೇನೆ ಎಂದರು.