ಕಣ್ಣಿರುವ ಕಾಯಿ

ನನ್ನ ಧೈರ್ಯ ಎಷ್ಟೆಂಬುದು ನನಗೆ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ. ವೀರರ ಕಥೆ ಓದುವವನು ತಾನೂ ಅರ್ಧ ವೀರನೆಂದುಕೊಂಡಿರುತ್ತಾನೆ, ಜಾನಪದದಲ್ಲಿ ಎಂ.ಎ. ಮಾಡಿದ ನಾನು ಮುಕ್ಕಾಲು ಎಂದುಕೊಂಡಿದ್ದೆ. ಆರ್‌ಪಿಸಿ ಲೇಔಟಿನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ, ಓನರ್ ಆಂಟಿಯ ತೆಂಗಿನ ಮರದ ಕೆಳಗೆ ಕುಳಿತು, ಪಾಲಿನೇಷ್ಯಾ ದ್ವೀಪದವರ ವೀರ ಮಾವುಯಿಯ ಕಥೆ ಓದುತ್ತಿದ್ದೆ. ತನ್ನ ಹೆಂಡತಿಯ ಬೆನ್ನು ಬಿದ್ದ ದೈತ್ಯ ಹಾವುಮೀನಿನ ತಲೆ ಕಡಿದು ಅವನು ಹೂಳುತ್ತಾನೆ. ಆ ತಲೆಯಿಂದ ಹುಟ್ಟಿದ್ದೇ ಮೊದಲ ತೆಂಗಿನ ಮರವಂತೆ. ಕಾಯಿಯ ಜುಟ್ಟಿನಡಿ ಇರುವ ಮೂರು ಕಣ್ಣು ಆ ಮೀನಿನ ಮುಖವಂತೆ. ಎಂಥ ಚಂದದ ಕಲ್ಪನೆ ಎಂದುಕೊಳ್ಳುತ್ತ ಎರಡನೇ ಲೋಟ ಕಾಫಿಗೆ ಎದ್ದೆ. ಹೊಸಿಲು ದಾಟುವ ಮೊದಲೇ ಹಿಂದೆ ಢಬ್ ಎಂದಿತು. ನಾನು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿ ಸೀಳಿಹೋಗಿತ್ತು. ನಡುವೆ ಒಂದು ಕಾಯಿ.

ಎರಡನೇ ಕಾಫಿಗೆ ಸದಾ ಗೊಣಗುವ ನನ್ನ ಹೆಂಡತಿ ಅಂದು ಕೇಳದೆಯೇ ಮೂರನೆಯದನ್ನೂ ಕೊಟ್ಟಳು.

ಅಂದಿನಿಂದ ಇಬ್ಬರಿಗೂ ನಿದ್ದೆಯಿಲ್ಲ. ನಾವು ಮಲಗುವ ಕೋಣೆಗೆ ಶೀಟಿನ ಚಾವಣಿ, ಅದರ ಮೇಲೇ ವಾಲಿದ ಮರ. ಕಣ್ಣು ಮುಚ್ಚಿದರೆ ಸಾಕು, ನನಗೆ ಮತ್ತೆ ಅದೇ ಢಬ್. ಆಂಟಿಯ ಬಳಿ ಹೋಗಿ ಕಾಯಿ ಇಳಿಸಿ ಎಂದೆ.

"ಗೌರಿ ಹಬ್ಬಕ್ಕೆ ಬಿಟ್ಟಿರೋದು ಕಣಪ್ಪ. ತೆಂಗಿನಕಾಯಿಗೆ ಕಣ್ಣಿರುತ್ತೆ, ಮನುಷ್ಯರ ಮೇಲೆ ಬೀಳಲ್ಲ."

"ಕಣ್ಣಿರೋದಕ್ಕೇ ಭಯ ಆಂಟಿ. ನನ್ನ ನೋಡ್ಕೊಂಡೇ ಬಿದ್ದಿದೆ ಅದು."

ತಲೆ ಕಳೆದುಕೊಂಡ ಮೀನಿಗೆ ಸೇಡು ತೀರಿಸಿಕೊಳ್ಳಲು ಮಾವುಯಿ ಸಿಗದಿದ್ದರೆ ಅವನ ಕಥೆ ಓದುವವನಾದರೂ ಆದೀತು ಎಂಬ ನನ್ನ ತರ್ಕವನ್ನು ಅವರು ಒಪ್ಪಲಿಲ್ಲ.

ನಾನೂ ಪಟ್ಟು ಬಿಡಲಿಲ್ಲ. ಮರುದಿನದಿಂದ ಅಂಗಳಕ್ಕೆ ಇಳಿದಾಗಲೆಲ್ಲ ಹೆಲ್ಮೆಟ್ ಹಾಕಿಕೊಂಡೆ. ಬಟ್ಟೆ ಒಣಹಾಕಲು, ತುಳಸಿಗೆ ನೀರೆರೆಯಲು. ಹಾಲಿನವನು "ಏನ್ ಸಾರ್, ಗಾಡಿ ಎಲ್ಲಿ?" ಎಂದ. ಎದುರು ಮನೆಯವರು ಗೇಟಿಗೆ ಬಂದು ನಿಲ್ಲತೊಡಗಿದರು. ಕೊನೆಗೆ ಆಂಟಿಯೇ ಕೂಗಿದರು: "ತೆಗಿಯಪ್ಪ ಆ ಬೋಗುಣಿನ! ಬೀದಿಯವರೆಲ್ಲ ನಮ್ಮನೆ ನೋಡಿ ನಗ್ತಾ ಇದಾರೆ. ಕರೆಸು ಮರ ಹತ್ತೋನ್ನ."

ಮರ ಹತ್ತುವ ಹೇರೋಹಳ್ಳಿಯವನು ಬರೀ ಮಿಸ್ಡ್ ಕಾಲ್ ಕೊಡುತ್ತಲೇ ಸತಾಯಿಸಿ, ಅಂತೂ ಒಂದು ಶನಿವಾರ ಬಂದ. ಬಾಗಿಲ ಮರೆಯಿಂದ ಹೆಲ್ಮೆಟ್ ಸಮೇತ ಸಲಹೆ ಕೊಡುತ್ತಿದ್ದೆ.

"ಸಾರ್, ಮೇಲಿರೋನು ನಾನು. ನೀವ್ಯಾಕೆ ನಡುಗ್ತೀರಾ?"

ಎಲ್ಲವನ್ನೂ ಇಳಿಸಿ, ಸುಲಿದುಕೊಟ್ಟು ಹೋದ. ಆಂಟಿ ನಮಗೂ ಒಂದು ಪಾಲು ಕೊಟ್ಟರು. ಅಂದು ಇಬ್ಬರೂ ಬೆಳಗಿನವರೆಗೆ ಗೊರಕೆ ಹೊಡೆದೆವು.

ಬಿಸಿಲು ಮುಖಕ್ಕೆ ಬಿದ್ದಾಗ ಕಣ್ಣು ಬಿಟ್ಟೆ. ನೇರ ತಲೆಯ ಮೇಲೆ, ಗೋಡೆಯ ಹಲಗೆಯ ತುಂಬ, ನಮ್ಮ ಪಾಲಿನ ಕಾಯಿಗಳನ್ನು ಹೆಂಡತಿ ಒತ್ತಾಗಿ ಜೋಡಿಸಿಟ್ಟಿದ್ದಳು. ಎಲ್ಲವುಗಳ ಜುಟ್ಟೂ ಕಣ್ಣಿನ ಮೇಲೆ ಇಳಿದಿತ್ತು. ಬಹುಶಃ ಅವೂ ಮಲಗಿದ್ದವು. ನಾನು ಸದ್ದಾಗದಂತೆ ಹೆಲ್ಮೆಟ್ಟಿಗೆ ಕೈ ಚಾಚಿದೆ.