ನಮ್ಮ ಉಗ್ರಾಣದಲ್ಲಿ ನಿಂತಿರುವ ನೀರು ಸೋಸುವ ಮಹನೀಯರಿಗೆ

ಮಾನ್ಯರೇ,

ಹಿಪ್ಪುನೇರಳೆ ಬೀದಿಯ ಕುರ್ಯಾಕೊವ್ ಮನೆಯ ನಾಲ್ವರ, ಒಂದು ನಾಯಿಯ, ಹಾಗೂ ತಾವು ಬಂದಂದಿನಿಂದ ಮೂಲೆಗೆ ಸರಿದು ನಿಂತಿರುವ ಹುಳಿ ಎಲೆಕೋಸಿನ ಪೀಪಾಯಿಯ ಪರವಾಗಿ ತಮಗೆ ನಮಸ್ಕಾರಗಳು. ಈ ಪತ್ರದ ಒಂದು ಪ್ರತಿಯನ್ನು ತಮ್ಮ ಉಪ್ಪಿನ ತೊಟ್ಟಿಯ ಮುಚ್ಚಳಕ್ಕೂ, ಇನ್ನೊಂದನ್ನು ಸಾರ್ವಜನಿಕ ನಲ್ಲಿಯ ಪಕ್ಕದ ಮರಕ್ಕೂ ಅಂಟಿಸುತ್ತೇನೆ. ಬೆನ್ನ ಹಿಂದೆ ದೂರು ಹೇಳುವುದು ನನಗೆ ಬರುವುದಿಲ್ಲ.

ಮೊದಲು ತಮ್ಮ ಗುಣಗಾನ, ಏಕೆಂದರೆ ಅದು ನಿಜ. ನನ್ನ ಹತ್ತೊಂಬತ್ತು ವರ್ಷದ ಆಯುಷ್ಯದುದ್ದಕ್ಕೂ ನಮ್ಮ ಮನೆಯ ನಲ್ಲಿಯಲ್ಲಿ ಬಂದದ್ದು ತೆಳು ಚಹಾದ ಬಣ್ಣದ ನೀರು. ಅದನ್ನು ಕುಡಿಯಬಾರದು, ಅಡುಗೆಗೆ ಬಳಸಬಾರದು ಎಂದು ಊರಿನವರು ಗೋಡೆಗೆ ಹಚ್ಚಿದ ಸೂಚನೆಯೇ ಬಿಸಿಲಿಗೆ ಬಾಡಿ ಆ ನೀರಿಗಿಂತ ಹಳದಿಯಾಗಿತ್ತು. ಅಡುಗೆಮನೆಯ ಒಂದೇ ನಲ್ಲಿಯ ಮೂತಿಗೆ ಸಿಕ್ಕಿಸಿಕೊಂಡು ಕೆಲಸ ಮುಗಿಯಿತೆನ್ನುವ ಪುಟ್ಟ ಸೋಸುಕಗಳ ಸಾಲಿಗೆ ತಾವು ಸೇರಿದವರಲ್ಲ. ನೀರು ಬೀದಿಯಿಂದ ಮನೆಯೊಳಗೆ ಕಾಲಿಡುವ ಜಾಗದಲ್ಲೇ ಮೂರು ಎತ್ತರದ ಸಿಲಿಂಡರುಗಳಾಗಿ ನಿಂತು, ಅದರ ಮರಳನ್ನೂ ಬಣ್ಣವನ್ನೂ ವಾಸನೆಯನ್ನೂ ಕಿತ್ತಿಟ್ಟುಕೊಂಡು, ಆಮೇಲಷ್ಟೇ ಒಳಗೆ ಬಿಡುತ್ತೀರಿ. ಹೀಗಾಗಿ ಸ್ನಾನದ ತೊಟ್ಟಿ ಬಿಳಿ, ಬಟ್ಟೆ ಒಗೆಯುವ ಯಂತ್ರದ ಹೊಟ್ಟೆ ಬಿಳಿ, ಪಾಯಿಖಾನೆಯೂ ಬಿಳಿ. ನಮ್ಮ ನಾಯಿ ಮೊದಲ ದಿನ ತನ್ನ ಬಟ್ಟಲಿನಲ್ಲಿ ನೀರಿರುವುದೇ ಕಾಣದೆ ಮೂಗಿನವರೆಗೂ ಮುಖ ಅದ್ದಿತು.

ಆದರೆ ತಮ್ಮಿಂದ ಮನೆಯ ಶಾಂತಿಗೆ ಆಗಿರುವ ನಷ್ಟವನ್ನೂ ಹೇಳಬೇಕು. ಅಪ್ಪನ ಅಂಗಿಯ ಎದೆಯ ಮೇಲಿನ ಕಲೆಗಳು ನಲ್ಲಿ ನೀರಿನವು ಎಂದು ಅಮ್ಮ ಇಪ್ಪತ್ತು ವರ್ಷ ನಂಬಿದ್ದಳು. ತಾವು ಬಂದ ಎರಡನೇ ವಾರ ಒಂದು ಅಂಗಿಯನ್ನು ಬೆಳಕಿಗೆ ಹಿಡಿದು, "ನೀರು ಈಗ ಕನ್ನಡಿ ಥರ ಇದೆಯಲ್ಲ, ಈ ಕೆಂಪು ಎಲ್ಲಿಂದ ಬಂತು ಸ್ವಾಮೀ?" ಎಂದು ಕೇಳಿದಳು. ಅಪ್ಪ ಅಂದಿನಿಂದ ವೈನ್ ಕುಡಿಯುವಾಗ ಕತ್ತಿಗೆ ಟವೆಲ್ ಕಟ್ಟಿಕೊಳ್ಳುತ್ತಾರೆ. ಅಜ್ಜಿ ದರಿಂಕಾಳ ಕೂದಲಿಗೆ ಹಳೆಯ ನೀರು ಒಂದು ಬಗೆಯ ಹೊಂಬಣ್ಣ ಕೊಟ್ಟಿತ್ತು. ಈಗ ಅದು ಅಚ್ಚ ಬೆಳ್ಳಗಾಗಿದೆ. "ನನ್ನ ಹತ್ತು ವರ್ಷಾನ ಈ ಡಬ್ಬಾ ಕುಡಿದುಬಿಡ್ತು, ನೋಡೇ!" ಎಂದು ಅವಳು ದಿನಕ್ಕೊಮ್ಮೆ ತಮ್ಮ ಮುಂದೆ ನಿಂತು ಶಪಿಸುವುದನ್ನು ತಾವೂ ಕೇಳಿರುತ್ತೀರಿ.

ಇವೆಲ್ಲ ಅವರವರ ಕಷ್ಟ. ಈಗ ನನ್ನದು.

ನಾನು ಶಾಲೆ ಬಿಟ್ಟವಳು. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಕುಡಿಯುವ ನೀರಿನ ಬಣ್ಣವೇನು ಎಂದು ಕೇಳಿದ್ದರು. ಹಳದಿ ಎಂದು ಬರೆದೆ. ಮೇಡಂ ನನ್ನನ್ನು ಕರೆದು, "ಪುಸ್ತಕದ ನೀರು ಬರಿಯಮ್ಮ, ನಿಮ್ಮನೆ ನೀರು ಬೇಡ" ಎಂದರು. ನಮ್ಮ ನಲ್ಲಿಯಲ್ಲಿ ಪುಸ್ತಕದ ನೀರು ಬಂದದ್ದನ್ನು ನಾನು ಕಂಡಿರಲಿಲ್ಲವಾದ್ದರಿಂದ ತಿದ್ದಲಿಲ್ಲ. ಶಾಲೆ ಬಿಡಲು ಅದೇ ಕಾರಣ ಎಂದರೆ ಸುಳ್ಳಾಗುತ್ತದೆ. ಒಂದೇ ಕಡೆ ನಲವತ್ತೈದು ನಿಮಿಷ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಬಿಟ್ಟ ಮೇಲೆ ಮನೆಯಲ್ಲಿ ನನಗೆ ಸಿಕ್ಕ ಹುದ್ದೆ ನೀರು ತರುವುದು. ಸೈಕಲ್ಲಿನ ಹಿಂದೆ ತಳ್ಳುಗಾಡಿ ಕಟ್ಟಿ, ಹನ್ನೊಂದು ಕ್ಯಾನುಗಳೊಂದಿಗೆ ದಿನವೂ ಸಂಜೆ, ಸೋಸಿದ ನೀರು ಬರುವ ಸಾರ್ವಜನಿಕ ನಲ್ಲಿಗೆ ಹೋಗಿ ಬರುತ್ತಿದ್ದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಹೆಮ್ಮೆಯಿಂದ ಹೇಳಬಲ್ಲೆ.

ತಾವು ಅಲ್ಲಿಗೆ ಹೋದವರಲ್ಲ, ಆದ್ದರಿಂದ ಅಲ್ಲಿಯ ಕಾನೂನನ್ನು ತಿಳಿಸುತ್ತೇನೆ. ಆ ಸಾಲಿನಲ್ಲಿ ಮನುಷ್ಯರು ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಕ್ಯಾನು ಇಟ್ಟವರು ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತ ಊರಿನ ಸುದ್ದಿ ಮಾತಾಡುತ್ತಾರೆ. ಸಾಲಿನಲ್ಲಿ ಯಾರ ಕ್ಯಾನಿನ ಹಿಂದೆ ಯಾರ ಕ್ಯಾನು ಇದೆಯೋ ಬೆಂಚಿನಲ್ಲಿ ಅವರ ಪಕ್ಕ ಅವರು. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ತಿಹೊಮಿರನ ಹಸಿರು ಮುಚ್ಚಳದ ಕ್ಯಾನಿನ ಹಿಂದೆ ನನ್ನವು ವಸಂತಕಾಲದಿಂದ ನಿಲ್ಲುತ್ತಿದ್ದವು. ಅದು ಆಕಸ್ಮಿಕವಲ್ಲ. ಒಂದು ಕ್ಯಾನು ತುಂಬುವಷ್ಟರಲ್ಲಿ ಅವನು ಹೆಚ್ಚೆಂದರೆ ಮೂರು ಶಬ್ದ ಆಡುತ್ತಾನೆ, ಅದರಲ್ಲಿ ಎರಡು ಹವಾಮಾನದ್ದು. ಅಂಥವನು ಆಗಸ್ಟಿನ ಒಂದು ಬುಧವಾರ ತನ್ನ ಕೊನೆಯ ಕ್ಯಾನಿನ ಮುಚ್ಚಳ ಬಿಗಿಯುತ್ತ, "ನಾಳೆ ನಿಂಗೊಂದು ಮಾತು ಹೇಳ್ಬೇಕು, ವಿಶ್ನ್ಯಾ" ಎಂದುಬಿಟ್ಟ.

ನಾಳೆ ಎಂದರೆ ಗುರುವಾರ. ಗುರುವಾರ ತಾವು ಬಂದಿರಿ.

ಮೂರು ಸಿಲಿಂಡರು, ಎರಡು ಮೂಟೆ ಉಪ್ಪು, ಒಬ್ಬ ಕೊಳಾಯಿ ಮೇಸ್ತ್ರಿ. ಸಂಜೆಯವರೆಗೂ ಪೈಪು ಹಿಡಿದು ನಿಂತವಳು ನಾನು. ಶುಕ್ರವಾರ ಅಮ್ಮ ನನ್ನ ಹನ್ನೊಂದು ಕ್ಯಾನುಗಳನ್ನೂ ತೊಳೆದು, ಬೋರಲು ಹಾಕಿ, "ಇನ್ನು ನಿನ್ನ ಸೊಂಟಕ್ಕೆ ಬಿಡುವು, ಮಗಳೇ" ಎಂದು ಮುತ್ತಿಟ್ಟಳು. ಒಂದು ಮನೆಯ ಅಷ್ಟೂ ನಲ್ಲಿಗಳನ್ನು ಏಕಕಾಲಕ್ಕೆ ಶುದ್ಧಗೊಳಿಸುವ ತಮ್ಮ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ. ಅಡುಗೆಮನೆಯದೊಂದನ್ನು ಮರೆತಿದ್ದರೆ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಸುಮ್ಮನೆ ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಜ್ಜಿಯೂ ಅದನ್ನೇ ಹೇಳಿದಳು: "ಹೋಗಿ ತುಂಬ್ಕೊಂಡ್ ಬಾರೇ, ಗುಲಾಬಿ ಗಿಡಕ್ಕೆ ಸುರಿ. ಯಾರ್ ನೋಡ್ತಾರೆ?" ಆದರೆ ಆ ನಲ್ಲಿ ಬರುವುದೇ ಸಣ್ಣಗೆ. ಮನೆಯಲ್ಲಿ ಒಳ್ಳೆಯ ನೀರಿಟ್ಟುಕೊಂಡು ನಾನು ಹನ್ನೊಂದು ಕ್ಯಾನು ತುಂಬಿಸಿದರೆ, ಒಳ್ಳೆಯ ನೀರಿಲ್ಲದ ಯಾರೋ ಒಬ್ಬರು ಅಷ್ಟು ಹೊತ್ತು ಹೆಚ್ಚು ಕಾಯಬೇಕು. ಅದು ನನ್ನಿಂದಾಗಲಿಲ್ಲ. ಹಾಗಾಗಿ ನನ್ನ ಕೋರಿಕೆಗಳನ್ನು ತಮ್ಮ ಮುಂದೆಯೇ ಇಟ್ಟೆ: ದಯವಿಟ್ಟು ಒಂದೇ ಒಂದು ವಾರ ಕಾಯಿಲೆ ಬೀಳಿರಿ, ಅದಾಗದಿದ್ದರೆ ಗುರುವಾರ ಸಂಜೆಗಳಲ್ಲಾದರೂ ಸ್ವಲ್ಪ ಕೆಸರು ಕೊಡಿರಿ. ತಾವು ಉತ್ತರವಾಗಿ ಭಾನುವಾರದ ಊಟದ ಹೊತ್ತಿನಲ್ಲಿ, ಅಪ್ಪ ಸೂಪು ಹೀರುವಂಥದೇ ಸದ್ದು ಮಾಡುತ್ತ, ಉಪ್ಪುನೀರಿನಿಂದ ತಮ್ಮ ಹೊಟ್ಟೆಯನ್ನು ತಾವೇ ತೊಳೆದುಕೊಂಡು ಇನ್ನಷ್ಟು ಆರೋಗ್ಯವಂತರಾದಿರಿ. ತಮ್ಮ ಬೆನ್ನಿಗೊಂದು ಕೆಂಪು ಹಿಡಿಯಿದೆ. ತಿರುಗಿಸಿದರೆ ನೀರು ತಮ್ಮೊಳಗೆ ಹೋಗದೆ ಪಕ್ಕದಿಂದ ಸುತ್ತಿಕೊಂಡು ಹಳದಿಯಾಗಿಯೇ ಒಳಗೆ ಬರುತ್ತದಂತೆ. ಸೋಮವಾರ ಅದರ ಮೇಲೆ ಕೈಯಿಟ್ಟದ್ದು ನಿಜ. ತಿರುಗಿಸಲಿಲ್ಲ, ಅದೂ ನಿಜ.

ಮಂಗಳವಾರ ಬರಿಗೈಯಲ್ಲಿ ಹೋದೆ. ಸಾಲಿನ ಯಜಮಾನಿಕೆ ನೋಡಿಕೊಳ್ಳುವ ಮಿಲುಂಕಾ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕ್ಯಾನ್ ಎಲ್ಲಮ್ಮಾ? ಕ್ಯಾನ್ ಇಲ್ದೋರಿಗೆ ಬೆಂಚಿಲ್ಲ" ಎಂದರು. ಹೀಗಾಗಿ ನಾನು ನಿಂತುಕೊಂಡೇ ಎಲ್ಲರೆದುರಿಗೆ ಹೇಳಬೇಕಾಯಿತು.

"ನೀರಿಗೆ ಬಂದಿಲ್ಲ ಅತ್ತೆ. ಮನೇಲಿ ಸೋಸೋ ಯಂತ್ರ ಹಾಕ್ಸಿದೀವಿ. ತಿಹೊಮಿರ್ ಏನೋ ಹೇಳ್ಬೇಕು ಅಂದಿದ್ದ. ಅದನ್ನ ಕೇಳೋಕೆ ಬಂದೆ."

ಬೆಂಚಿನ ಮೇಲೆ ಬೀಜ ಸುಲಿಯುವ ಸದ್ದು ನಿಂತಿತು. ತಿಹೊಮಿರ್ ಎದ್ದು ನಿಂತ. ಅವನ ಕಿವಿಗಳು ನಮ್ಮ ಮೆಣಸಿನಕಾಯಿ ಚಟ್ನಿಯ ಬಣ್ಣಕ್ಕೆ ತಿರುಗಿದ್ದವು.

"ನಮ್ಮನೇಲೂ ಇದೆ," ಎಂದ. "ಯಂತ್ರ. ಈಸ್ಟರ್ ಹೊತ್ತಿಗೇ ಹಾಕ್ಸಿದ್ವಿ. ಅದನ್ನೇ ಹೇಳ್ಬೇಕು ಅಂತಿದ್ದೆ."

"ಈಸ್ಟರಿಂದಾನಾ!" ಮಿಲುಂಕಾ ಅತ್ತೆ ಕೋಲೂರಿ ಎದ್ದರು. "ಹಂಗಾದ್ರೆ ಇಷ್ಟು ದಿನ ಹೊತ್ಕೊಂಡ್ ಹೋಗಿದ್ದು?"

"ಮೆಣಸಿನ ಗಿಡಕ್ಕೆ."

"ಅಯ್ಯೋ ನಿನ್ನ! ನಾನು ಮಂಡಿ ನೋವು ಇಟ್ಕೊಂಡು ಇಲ್ಲಿ ಕಾಯೋದು, ನಿನ್ ಮೆಣಸಿನ ಗಿಡ ಒಳ್ಳೆ ನೀರು ಕುಡಿಯೋದಾ? ಮತ್ಯಾಕೋ ಬರ್ತಿದ್ದೆ, ಕತ್ತೆ?"

ಅವನು ನನ್ನ ಕಡೆ ನೋಡಿದ. ಬೆಂಚಿಗೆ ಬೆಂಚೇ ನಕ್ಕಿತು. ನಾನು ಮಾತ್ರ ನಗಲಿಲ್ಲ. ನಾಲ್ಕು ತಿಂಗಳು ಮುದುಕಿಯರ ಸರದಿ ತಿಂದದ್ದು ತಪ್ಪು ಎಂದು ಅವನಿಗೆ ಅಲ್ಲಿಯೇ ಹೇಳಿದೆ. "ತಪ್ಪೇ," ಎಂದ, ವಾದ ಮಾಡಲಿಲ್ಲ. ಆಮೇಲೆ ನಕ್ಕೆ.

ಶಿಕ್ಷೆಯನ್ನು ಬೆಂಚು ಸರ್ವಾನುಮತದಿಂದ ವಿಧಿಸಿತು: ಇನ್ನು ನಾಲ್ಕು ತಿಂಗಳು, ಮಂಡಿ ನೋವಿನವರೆಲ್ಲರ ಕ್ಯಾನುಗಳನ್ನು ಅವನೇ ತುಂಬಿ ಅವರವರ ಮನೆ ಬಾಗಿಲಿಗೆ ಮುಟ್ಟಿಸಬೇಕು. ಅವನ ಬಳಿ ತಳ್ಳುಗಾಡಿಯಿಲ್ಲ. ನನ್ನ ಬಳಿಯಿದೆ, ಮತ್ತು ಅದನ್ನು ಇನ್ನೊಬ್ಬರ ಕೈಗೆ ಕೊಡುವ ಅಭ್ಯಾಸ ನನಗಿಲ್ಲ. ಹೀಗಾಗಿ ಈಗ ಇಬ್ಬರೂ ದಿನಕ್ಕೆ ಇಪ್ಪತ್ತಾರು ಕ್ಯಾನು ಸಾಗಿಸುತ್ತಿದ್ದೇವೆ. ದಾರಿ ಉದ್ದವಿರುವುದರಿಂದ ಅವನ ಶಬ್ದಗಳ ಸಂಖ್ಯೆ ಒಂಬತ್ತಕ್ಕೇರಿದೆ.

ಆದಕಾರಣ ತಮ್ಮ ಮೇಲಿನ ದೂರಿನಲ್ಲಿ ಅರ್ಧವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧ ಅಜ್ಜಿಯ ಕೂದಲಿನದು. ಅದನ್ನು ಅವಳೊಂದಿಗೆ ತಾವೇ ಬಗೆಹರಿಸಿಕೊಳ್ಳತಕ್ಕದ್ದು. ಮಿಲುಂಕಾ ಅತ್ತೆಯ ಮನೆಗೂ ತಮ್ಮ ಬಳಗದವರು ಬರಬೇಕೆಂಬುದು ನನ್ನ ಪ್ರಾಮಾಣಿಕ ಆಸೆ, ಅವರ ಮಂಡಿಯ ಸಲುವಾಗಿ. ಬಂದ ದಿನ ಪೈಪು ಹಿಡಿಯಲು ನಾನೇ ಹೋಗುತ್ತೇನೆ. ಆದರೆ ಅವರು ಡಿಸೆಂಬರಿನ ಮೊದಲು ಬಂದರೆ ನನಗೆ ಸಂತೋಷವಾಯಿತೆಂದು ಹೇಳಲಾರೆ.

ಹೊಟ್ಟೆ ತಂಪಾಗಿ, ಉಪ್ಪು ತುಂಬಿ ಬಾಳಿರಿ.

ತಮ್ಮ ವಿಶ್ವಾಸಿ,
ವಿಶ್ನ್ಯಾ ಕುರ್ಯಾಕೊವಾ
(ನಿವೃತ್ತಿಯ ನಂತರ ಮರುನೇಮಕಗೊಂಡ ನೀರು ಸಾಗಣೆದಾರಳು)

ತಾ.ಕ.: ನಿನ್ನೆ ತಿಹೊಮಿರ್ ಮೊದಲ ಬಾರಿಗೆ ನಮ್ಮ ಮನೆಯೊಳಗೆ ಬಂದ. ಬಂದ ಅತಿಥಿಗೆ ಕೊಡುವಂತೆ ಅಜ್ಜಿ ಒಂದು ಚಮಚ ಸಿಹಿಪಾಕದ ಹಣ್ಣು, ಒಂದು ಲೋಟ ನೀರು ಕೊಟ್ಟಳು. ಲೋಟದ ನೀರನ್ನು ಕೊನೆಯ ಹನಿಯವರೆಗೂ ಕುಡಿದು, "ಎಷ್ಟು ಚೆನ್ನಾಗಿದೆ" ಎಂದ. ಹಾಗೆನ್ನುವಾಗ ಅವನು ನೋಡುತ್ತಿದ್ದುದು ಲೋಟವನ್ನಲ್ಲ. ಉಗ್ರಾಣದ ಬಾಗಿಲು ತೆರೆದಿದ್ದುದರಿಂದ ಈ ಮಾತು ತಮ್ಮ ಕಿವಿಗೂ ಬಿದ್ದಿರಬಹುದು. ಅದನ್ನು ತಮ್ಮ ಹೊಗಳಿಕೆಯೆಂದು ಭಾವಿಸಿ ಉಬ್ಬಿಹೋಗದಿರಲು ವಿನಂತಿ.