ಬಟನ್ ಒತ್ತಿದವರಿಗೆ ಬಾಂಬ್ ಗೊತ್ತಿರಲಿಲ್ಲ

ನಾಲ್ಕು ಜನ ಕನ್ನಡಿಗರು ಸೇರಿ ಏನು ಮಾಡಹೊರಟರೂ ಒಂದಲ್ಲ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಸಿಂಗಪುರದಲ್ಲಿ ಅದು ಟೈಮಿಗೆ ಸರಿಯಾಗಿ ಆಗುತ್ತದೆ, ಅಷ್ಟೇ ವ್ಯತ್ಯಾಸ.

ನಾನು ಇಲ್ಲಿ ಫಿಸಿಕ್ಸ್ ಪಾಠ ಹೇಳುವವಳು. ಹೋದ ವರ್ಷ ಇಲ್ಲಿಯ ನಮ್ಮ ಕನ್ನಡ ಬಳಗಕ್ಕೆಂದು ಮೊದಲ ಸಲ ನಾಟಕ ಬರೆದೆ. ಯುದ್ಧಕಾಲದಲ್ಲಿ ಅಮೆರಿಕ ಗುಟ್ಟಾಗಿ ಅಣುಬಾಂಬ್ ಮಾಡಿದ ಕಥೆ. ಗಂಭೀರ ನಾಟಕ. ಜನ ನಕ್ಕುಬಿಟ್ಟರೆ ಏನು ಗತಿ ಎಂಬುದೊಂದೇ ನನ್ನ ಹೆದರಿಕೆ.

೧

ನಿರ್ದೇಶಕರು ಪಾಯಾ ಲೆಬಾರ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಆಗ ಬಾಂಬ್ ಮಾಡಿದ ಕೆಲಸಗಾರರಿಗೆ ತಾವು ಮಾಡುತ್ತಿರುವುದು ಏನೆಂದೇ ಗೊತ್ತಿರಲಿಲ್ಲವಂತೆ. ನಾವೂ ಹಾಗೇ ಮಾಡೋಣ, ನಟನೆ ಸಹಜವಾಗಿ ಬರುತ್ತದೆ ಎಂದು ಒಬ್ಬೊಬ್ಬರಿಗೂ ಅವರವರ ಮಾತು ಮಾತ್ರ ಕೊಟ್ಟರು.

ಸೇನಾಧಿಕಾರಿಯ ಪಾತ್ರದವರು ಮೂರು ವಾರ ಕೈಮುಗಿದುಕೊಂಡೇ, "ಇನ್ನೂ ಎಷ್ಟು ದಿನ ಬೇಕು? ಬೇಗ ಮುಗಿಸಿಕೊಡಿ" ಎಂದು ಗೋಗರೆದರು. ಸೇನಾಧಿಕಾರಿ ಯಾಕೆ ಹೀಗೆ ಬೇಡಿಕೊಳ್ಳುತ್ತಾನೆ ಎಂದು ಕೊನೆಗೆ ನಾನೇ ಕೇಳಿದೆ.

"ನಾನು ಮನೆ ಓನರ್ ಅಲ್ವಾ ಮೇಡಂ? ರಿನೊವೇಶನ್ ಕಂಟ್ರಾಕ್ಟರ್ ಹತ್ರ ಮಾತಾಡ್ತಿದೀನಿ ಅಂದ್ಕೊಂಡಿದ್ದೆ" ಎಂದರು.

೨

ರಿಹರ್ಸಲ್ ಬುಕಿತ್ ಬಾಟೋಕ್‌ನ ನಮ್ಮ ಬ್ಲಾಕಿನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ. ಒಂದೊಂದು ದೃಶ್ಯಕ್ಕೆ ಒಂದೊಂದು ದಿನ. ನನ್ನನ್ನೂ ನಿರ್ದೇಶಕರನ್ನೂ ಬಿಟ್ಟರೆ ಎಲ್ಲವನ್ನೂ ನೋಡಿದವರು ಅಲ್ಲೇ ಕೂತು ಕಾಫಿ ಕುಡಿಯುವ, ಕನ್ನಡ ಬಾರದ ಚೀನೀ ಅಂಕಲ್ ಒಬ್ಬರೇ. ನಮ್ಮ ನಟರು ಕದ್ದುಮುಚ್ಚಿ ಅವರನ್ನೇ ಕಥೆ ಕೇಳಿದರು. ಬಾಂಬ್ ಬದಲು ಸದ್ಯಕ್ಕೆ ನಮ್ಮನೆ ಇಡ್ಲಿ ಪಾತ್ರೆ ಇಟ್ಟಿದ್ದೆವು.

"ಅಡುಗೆ ಕಾಂಪಿಟಿಷನ್ ಲಾ," ಅಂದರಂತೆ ಅಂಕಲ್, ಸಿಂಗಪುರದ ಧಾಟಿಯಲ್ಲಿ. "ಎಲ್ಲರಿಗೂ ಟೆನ್ಷನ್. ಬೆಂದಿದೆಯೋ ಇಲ್ಲವೋ ಅಂತ ದೂರ ನಿಂತು ನೋಡ್ತಾರೆ."

೩

ಸ್ಫೋಟದ ಸದ್ದು, ಹೊಗೆಯ ಹೊಣೆ ಹೊತ್ತ ಎಂಜಿನಿಯರ್‌ಗೂ ಕಥೆ ಗೊತ್ತಿರಲಿಲ್ಲ. ಕಪ್ಪು ಕನ್ನಡಕ ಹಾಕಿದವರು ಸ್ಟೇಜಿನ ನಡುವೆ ಬಂದು ನಿಂತರೆ ಬಟನ್ ಒತ್ತಬೇಕು, ಅಷ್ಟೇ. ಸ್ಫೋಟ ನೋಡುವಾಗ ವಿಜ್ಞಾನಿಗಳು ಅಂಥ ಕನ್ನಡಕ ಹಾಕಿದ್ದರಲ್ಲ, ಅದಕ್ಕೆ.

ಟೋವಾ ಪಾಯೋದಲ್ಲಿ ಪ್ರದರ್ಶನ. ಮುಖ್ಯ ಅತಿಥಿಗಳು ನಿವೃತ್ತ ಪ್ರೊಫೆಸರ್. ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಬಂದಿದ್ದರು. ಉದ್ಘಾಟನೆಗೆಂದು ಸ್ಟೇಜಿನ ನಡುವೆ ನಿಂತು ದೀಪಕ್ಕೆ ಕಡ್ಡಿ ತಾಗಿಸಿದರು.

ಢಮಾರ್!

ಹೊಗೆ ತಿಳಿಯಾದಾಗ ಪ್ರೊಫೆಸರ್ ಕಡ್ಡಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತು. ಮುಗಿಯಿತು ನನ್ನ ನಾಟಕ ಅಂದುಕೊಂಡೆ.

ಆದರೆ ನಿಜವಾದ ಸ್ಫೋಟದ ದೃಶ್ಯ ಬಂದಾಗ ಹೊಗೆ ಆಗಲೇ ಖಾಲಿಯಾಗಿತ್ತು, ಸ್ಪೀಕರೂ ಕೆಟ್ಟಿತ್ತು. ನಟರು ಸುಮ್ಮನೆ ನಿಂತರು. ಆ ಮೌನದಲ್ಲಿ ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತು, ಒಬ್ಬರೂ ನಗಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಮುಗಿದ ಮೇಲೆ ಪ್ರೊಫೆಸರ್ ಹತ್ತಿರ ಬಂದರು. "ನಾಟಕ ತುಂಬಾ ಚೆನ್ನಾಗಿತ್ತಮ್ಮ. ಅಮೆರಿಕದವರಿಗೆ ಹೊಗೆ ಕೂಡ ಇಲ್ಲ, ಇಡೀ ಬಾಂಬ್ ನನಗೊಬ್ಬನಿಗೇ ಯಾಕೆ ಹಾಕಿದ್ರಿ?"